ಅಪ್ಪನ ಕೊಳ ತಿಳಿಯಾಗದ ಬೇಸಿಗೆ

ಮಾರ್ಚ್ 4

ಪುಟ್ಟೀ,

ಫೋನು ಕಿತ್ತಿಟ್ಟುಕೊಂಡು ಮಕ್ಕಳನ್ನು ಹಾಸ್ಟೆಲ್ಲಿನಲ್ಲಿ ಕೂಡಿಹಾಕಿದರೆ ಅಪ್ಪಂದಿರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ನಿನ್ನ ಕೋಚ್ ತಿಳಿದಿದ್ದರೆ ಅದು ಅವರ ಭ್ರಮೆ. ಪೆನ್ನು ಹಿಡಿದು ಎಷ್ಟೋ ವರ್ಷವಾಯಿತು. ಅಕ್ಷರ ಕೋಳಿ ಕೆದರಿದ ಹಾಗಿದೆ, ಸುಧಾರಿಸಿಕೊಂಡು ಓದು.

ಮನೆ ಕೊನೆಗೂ ಕೊಂಡೆವು. ಫರ್ನಿಚರ್ ಅಂಗಡಿಯವರು ಮಗನ ಹತ್ತಿರ ಹೋಗಿ ಇರುತ್ತೇವೆಂದು ಮಾರಿದ ಮನೆ. ಅಡುಗೆಮನೆ ಚಿಕ್ಕದು, ಮೆಟ್ಟಿಲು ಕಡಿದಾದದ್ದು, ಬಚ್ಚಲಿನ ಬಾಗಿಲು ಒದ್ದರೆ ಮಾತ್ರ ಹಾಕಿಕೊಳ್ಳುತ್ತದೆ. "ಇಷ್ಟೊಂದು ಹುಳುಕಿರೋ ಮನೆ ಯಾಕ್ರೀ ಬೇಕಿತ್ತು" ಎಂದು ನಿನ್ನ ಅಮ್ಮ ಕೇಳಿದಳು. ನಾನು ಹಿತ್ತಿಲ ಬಾಗಿಲು ತೆಗೆದು ತೋರಿಸಿದೆ. ಹಿತ್ತಿಲಲ್ಲಿ ಈಜುಕೊಳ ಇದೆ. ನಮ್ಮ ಡ್ರೈವಿಂಗ್ ಸ್ಕೂಲಿನ ಎರಡೂ ಕಾರುಗಳನ್ನು ಹಿಂದೆ ಮುಂದೆ ನಿಲ್ಲಿಸಿದರೂ ಇನ್ನೂ ಜಾಗ ಉಳಿಯುವಷ್ಟು ಉದ್ದ. ಒಳಗೆಲ್ಲ ನೀಲಿ ಟೈಲ್ಸ್.

ನೀಲಿ ಎಂದು ಫರ್ನಿಚರ್ ಅಂಗಡಿಯವರು ಹೇಳಿದ್ದು. ನಾನು ಇನ್ನೂ ನೋಡಿಲ್ಲ. ನೀರು ಅಕ್ಕಿ ತೊಳೆದ ನೀರಿನ ಹಾಗಿದೆ, ಮೊಣಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಮೂಲೆಯ ಶೆಡ್ಡಿನಲ್ಲಿ ಒಂದು ಮೋಟಾರು, ಅದರ ಪಕ್ಕ ಮರಳು ತುಂಬಿದ ದೊಡ್ಡ ಡ್ರಮ್ಮು, ಅದರ ತಲೆಯ ಮೇಲೆ ಒಂದು ಹ್ಯಾಂಡಲ್. ನೀರು ಆ ಮರಳಿನೊಳಗೆ ಹಾದು ಸೋಸಿ ಬರುತ್ತದಂತೆ. ಹ್ಯಾಂಡಲನ್ನು ಆರು ಕಡೆ ತಿರುಗಿಸಬಹುದು. ಗೇರ್ ಎಂದರೆ ನನಗೆ ಹೆದರಿಕೆಯಿಲ್ಲ, ಆದರೆ ಈ ಗೇರ್ ಹಾಕಿದರೆ ಗಾಡಿ ಯಾವ ಕಡೆ ಹೋಗುತ್ತದೆಂದು ಗೊತ್ತಾಗುತ್ತಿಲ್ಲ.

ನೀನು ಹೇಳಿಕೊಡು. ಏಳನೆಯ ವಯಸ್ಸಿನಿಂದ ನೀರಿನಲ್ಲೇ ಇರುವವಳು, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೂನ್ ಮೊದಲ ಭಾನುವಾರ ನಿನ್ನ ರಜೆ ಶುರುವಲ್ಲವೇ, ಅವತ್ತೇ ಕೊಳದ ಉದ್ಘಾಟನೆ ಇಟ್ಟುಕೊಂಡಿದ್ದೇನೆ. ಚಿಕ್ಕಪ್ಪನ ಮನೆಯವರು, ಅತ್ತೆಯಂದಿರು, ಪಕ್ಕದ ಮನೆಯ ಕಣ್ಣಿನ ಡಾಕ್ಟರು, ಈ ವರ್ಷ ನನ್ನ ಕೈಯಲ್ಲಿ ಲೈಸೆನ್ಸ್ ಪಡೆದ ಎಲ್ಲರಿಗೂ ಹೇಳಿದ್ದಾಗಿದೆ. ನೀನು ಈ ತುದಿಯಿಂದ ಧುಮುಕಿ ಆ ತುದಿಗೆ ಹೋಗಬೇಕು, ಅಷ್ಟೇ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತಿದೀರ" ಎಂದಳು ನಿನ್ನ ಅಮ್ಮ. ಕೂಸು ಹುಟ್ಟಿ ಹತ್ತೊಂಬತ್ತು ವರ್ಷವಾಯಿತು, ನನಗೇನು ಭಯ ಎಂದೆ.

ನಿನ್ನ ದಾರಿ ಕಾಯುತ್ತಿರುವ,
ಅಪ್ಪ


ಮಾರ್ಚ್ 15

ಅಪ್ಪಾ,

ಕಾಗದ ಬಂತು. ಹಾಸ್ಟೆಲ್ಲಿನಲ್ಲಿ ಕಾಗದ ಬರುವುದು ನನಗೊಬ್ಬಳಿಗೇ. ಎಲ್ಲರೂ ಇಸಿದುಕೊಂಡು ನಿನ್ನ ಅಕ್ಷರ ನೋಡಿ ನಕ್ಕರು.

ಮನೆ ಕೊಂಡದ್ದು ಸಂತೋಷ. ಇಷ್ಟು ಬೇಗ ಎಲ್ಲರನ್ನೂ ಕರೆಯಬೇಕಾಗಿರಲಿಲ್ಲ.

ನೀರಿಗೆ ಹೀಗೆ ಮಾಡು. ದಿನಾ ಸಂಜೆ ಬ್ಲೀಚಿಂಗ್ ಪೌಡರ್ ಹಾಕು, ಕಾಣುವಷ್ಟು ಹಾಕು. ದಿನಾ ಬೆಳಿಗ್ಗೆ ಮರಳಿನ ಡ್ರಮ್ಮನ್ನು ತೊಳೆ. ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದರೆ ನೀರು ಉಲ್ಟಾ ಹರಿದು ಮರಳಿನಲ್ಲಿ ಸಿಕ್ಕಿಕೊಂಡದ್ದೆಲ್ಲ ಆಚೆ ಹೋಗುತ್ತದೆ. ಒಂದು ದಿನವೂ ತಪ್ಪಿಸಬೇಡ. ನಿಧಾನಕ್ಕೆ ತಿಳಿಯಾಗುತ್ತದೆ.

ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ. ಅಮ್ಮನಿಗೆ ಮಂಡಿ ನೋವು ಹೇಗಿದೆ? ಆ ಕಡಿದಾದ ಮೆಟ್ಟಿಲು ಹತ್ತಿಸಬೇಡ.

ಇಲ್ಲಿ ಘಂಟೆ ಹೊಡೆಯಿತು, ನಿಲ್ಲಿಸುತ್ತೇನೆ.
ಪುಟ್ಟಿ


ಏಪ್ರಿಲ್ 9

ಪುಟ್ಟೀ,

ನೀನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದೇನೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೆ ಮೊದಲು ಡ್ರಮ್ಮು ತೊಳೆಯುತ್ತೇನೆ, ಸಂಜೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪುಡಿ ಎರಚುತ್ತೇನೆ. ನೀರು ಮೊದಲು ಅಕ್ಕಿ ತೊಳೆದ ನೀರಾಗಿತ್ತಲ್ಲ, ಈಗ ಹಾಲಾಗಿದೆ. ಒಂದು ಚಮಚ ಸಕ್ಕರೆ ಹಾಕಿದರೆ ಕುಡಿಯಬಹುದು. ಏನೋ ತಪ್ಪು ಮಾಡುತ್ತಿದ್ದೇನೆ, ಏನೆಂದು ತಿಳಿಯುತ್ತಿಲ್ಲ. ನಿನ್ನ ಕಡೆಯಿಂದ ತಪ್ಪಿರುವುದಿಲ್ಲ, ನನ್ನ ಕೈಗುಣವೇ ಹೀಗಿರಬೇಕು.

ಕಣ್ಣಿನ ಡಾಕ್ಟರು ದಿನಾ ಮಹಡಿಯ ಮೇಲೆ ಕಾಫಿ ಲೋಟ ಹಿಡಿದು ನಿಲ್ಲುತ್ತಾರೆ. ಮೊನ್ನೆ ಗೋಡೆಯಾಚೆಯಿಂದ ಬಗ್ಗಿ ಕೇಳಿದರು: "ಪೊರೆ ಬಂದಿರೋದು ನನ್ನ ಕಣ್ಣಿಗೋ ನಿಮ್ಮ ನೀರಿಗೋ, ನೋಡಿ ಹೇಳ್ತೀರಾ?" ನಾನು ನಕ್ಕೆ. ಒಳಗೆ ಬಂದ ಮೇಲೆ ನಗು ಬರಲಿಲ್ಲ. ಇವರ ಮುಂದೆ ಅಷ್ಟು ಜಂಬ ಕೊಚ್ಚಿಕೊಂಡಿದ್ದೆ. "ನನ್ನ ಮಗಳು ನೀರಿಗೆ ಬಿದ್ರೆ ನೀರೇ ದಾರಿ ಬಿಡುತ್ತೆ" ಎಂದಿದ್ದೆ. ಈಗ ಅವರು ಮಹಡಿಗೆ ಬರುವ ಹೊತ್ತಿಗೆ ನಾನು ಶೆಡ್ಡಿನೊಳಗೆ ಸೇರಿಕೊಂಡು, ಅವರು ಇಳಿದು ಹೋದ ಮೇಲೆ ಆಚೆ ಬರುತ್ತೇನೆ.

ಇನ್ನೊಂದು ವಿಷಯ, ಗಾಬರಿಯಾಗಬೇಡ. ತಳದಲ್ಲಿ ಪಾಚಿ ಇರಬಹುದೆಂದು ಪೊರಕೆ ಹಿಡಿದುಕೊಂಡು ಆಳವಿಲ್ಲದ ಕಡೆ ಇಳಿದೆ. ಎದೆಮಟ್ಟ ಇತ್ತು. ತಳ ಎಲ್ಲಿಂದ ಇಳಿಜಾರಾಗುತ್ತದೆಂದು ಆ ಹಾಲಿನಲ್ಲಿ ಹೇಗೆ ಕಾಣಬೇಕು? ಒಂದು ಹೆಜ್ಜೆ ಇಟ್ಟೆ, ನೆಲ ಇರಲಿಲ್ಲ. ಕಣ್ಣು ಬಿಟ್ಟರೂ ಬಿಳಿ, ಮುಚ್ಚಿದರೂ ಬಿಳಿ. ನಿನ್ನ ಅಮ್ಮ ಎಲೆ ತೆಗೆಯುವ ಬಲೆಯ ಕೋಲು ಚಾಚಿದಳು, ಅದಕ್ಕೆ ನೇತುಬಿದ್ದು ಬಂದೆ. ಬಟ್ಟೆ ಒಣಹಾಕುವ ಕಡೆ ಕೂರಿಸಿ ತಲೆ ಒರೆಸುತ್ತ, "ಈಜು ಬರದೋರಿಗೆ ಈಜುಕೊಳ ಯಾಕ್ರೀ" ಎಂದಳು. ಬೈಗುಳದ ಹಾಗಿರಲಿಲ್ಲ, ತಲೆ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಪುಣ್ಯಕ್ಕೆ ಆ ಹೊತ್ತಿಗೆ ಡಾಕ್ಟರು ಮಹಡಿಯ ಮೇಲಿರಲಿಲ್ಲ.

ಇನ್ನೇನಾದರೂ ಉಪಾಯ ಇದ್ದರೆ ಬರೆ. ಇಪ್ಪತ್ತಾರಕ್ಕೆ ನಿಮ್ಮಲ್ಲಿ ಸ್ಪರ್ಧೆ ಎಂದು ಪೇಪರಿನಲ್ಲಿ ನೋಡಿದೆ. ಬರಲೇ?

ಹಾಲಿನ ವ್ಯಾಪಾರಿ,
ಅಪ್ಪ


ಏಪ್ರಿಲ್ 16

ಅಪ್ಪಾ,

ದಯವಿಟ್ಟು ನೀರಿಗೆ ಇಳಿಯಬೇಡ. ತಳ ಕಾಣದ ನೀರಿಗೆ ಯಾರೂ ಇಳಿಯಬಾರದು, ಈಜು ಬರುವವರೂ ಇಳಿಯಬಾರದು. ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು, ಬರೆಯಲಿಲ್ಲ. ಕೊಳದ ಕಡೆಯ ಬಾಗಿಲಿಗೆ ಬೀಗ ಹಾಕಿಡು. ಅಮ್ಮನಿಗೂ ಹೇಳು.

ಇಪ್ಪತ್ತಾರಕ್ಕೆ ಬರಬೇಡ. ಹೊರಗಿನವರನ್ನು ಬಿಡುವುದಿಲ್ಲ. ನಾನು ರಿಲೇಯಲ್ಲಿ ಇರುತ್ತೇನೆ, ಆದರೆ ನೋಡಲು ಏನೂ ಇಲ್ಲ, ಎರಡು ನಿಮಿಷದಲ್ಲಿ ಮುಗಿಯುತ್ತದೆ.

ನೀರು ತಿಳಿಯಾಗದಿದ್ದರೆ ಬಿಡು ಅಪ್ಪಾ. ಜೂನಿನ ಕಾರ್ಯಕ್ರಮ ಬೇಡ ಎಂದು ಎಲ್ಲರಿಗೂ ಹೇಳಿಬಿಡು. ಮುಂದಿನ ವರ್ಷ ನೋಡೋಣ. ಉಳಿದದ್ದು ಹೇಳಿದ ಹಾಗೇ ಮಾಡುತ್ತಿರು.

ಪುಟ್ಟಿ


ಮೇ 2

ಪುಟ್ಟೀ,

ಸ್ಪರ್ಧೆ ಚೆನ್ನಾಗಿ ನಡೆದಿರಬೇಕು. ಏನಾಯಿತೆಂದು ಬರೆಯಬೇಕಾಗಿಲ್ಲ, ಓದುವ ಬರೆಯುವ ಕೆಲಸ ನಿನಗೆ ಬೇಕಾದಷ್ಟಿರುತ್ತದೆ.

ಡ್ರಮ್ಮನ್ನು ನೀನು ಹೇಳಿದ ಹಾಗೇ ದಿನಾ ತೊಳೆಯುತ್ತಿದ್ದೇನೆ. ನೀರು ಹಾಗೇ ಇದೆ. ಇರಲಿ ಬಿಡು. ಜೂನಿನದು ರದ್ದು ಮಾಡಿದೆ. ಚಿಕ್ಕಪ್ಪ ಕಾರಣ ಕೇಳಿದ. ನನ್ನ ಮಂಡೆಯಲ್ಲಿ ಮಣ್ಣು ತುಂಬಿದೆ, ಒಂದು ಕೊಳ ನೋಡಿಕೊಳ್ಳಲು ಬರಲಿಲ್ಲ ಎಂದೆ. ಡಾಕ್ಟರಿಗೂ ಅದನ್ನೇ ಹೇಳಿದೆ. ಅವರು ಈಗ ಹಾಸ್ಯ ಮಾಡುವುದನ್ನು ಬಿಟ್ಟು ಸಮಾಧಾನ ಹೇಳುತ್ತಾರೆ. ಹಾಸ್ಯವೇ ವಾಸಿಯಿತ್ತು.

ಇಲ್ಲಿ ಮಾವಿನ ಗಿಡದ ಕೆಳಗೆ ಒಂದು ಕುರ್ಚಿ ಹಾಕಿದ್ದೇನೆ. ಕೊಳದ ಕಡೆಗೆ ಬೆನ್ನು ಮಾಡಿ ಹಾಕಿದ್ದೇನೆ. ರಜೆಗೆ ಬಾ, ಸುಮ್ಮನೆ ಕೂರೋಣ.

ಅಪ್ಪ

ಪುಟ್ಟೀ, ನಾನು ಅಮ್ಮ. ಅವರು ಅಂಗಡಿಗೆ ಹೋದಾಗ ಕೊನೆಗೆ ಸೇರಿಸುತ್ತಿದ್ದೇನೆ. ಆ ಪುಡಿಯಿಂದ ಅವರ ಕೈ ಸಿಪ್ಪೆ ಸುಲಿದಿದೆ, ಸ್ಟೀರಿಂಗ್ ಹಿಡಿಯುವಾಗ ಬಟ್ಟೆ ಸುತ್ತಿಕೊಳ್ಳುತ್ತಾರೆ. ಕೆಮ್ಮು ಇನ್ನೂ ಹೋಗಿಲ್ಲ. ಕೇಳಿದರೆ ಮಗಳು ಹೇಳಿದ್ದು ಎನ್ನುತ್ತಾರೆ. ನನಗೆ ಇದೆಲ್ಲ ಗೊತ್ತಾಗುವುದಿಲ್ಲ. ನೀನೊಮ್ಮೆ ಯೋಚನೆ ಮಾಡು.


ಮೇ 11

ಅಪ್ಪಾ,

ಇವತ್ತಿನಿಂದಲೇ ಪುಡಿ ಹಾಕುವುದನ್ನು ನಿಲ್ಲಿಸು. ಡ್ರಮ್ಮು ತೊಳೆಯುವುದನ್ನೂ ನಿಲ್ಲಿಸು. ಅಮ್ಮನ ಸಾಲುಗಳನ್ನು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣ ಇರುತ್ತದೆ. ಹಾಕಿದಷ್ಟೂ ನೀರು ಬೆಳ್ಳಗಾಗುತ್ತದೆ. ಮರಳನ್ನು ದಿನಾ ತೊಳೆದರೆ ಅದು ಏನನ್ನೂ ಹಿಡಿಯುವುದಿಲ್ಲ. ಸ್ವಲ್ಪ ಕೊಳೆ ಕೂತಿದ್ದರೇ ಸಣ್ಣ ಧೂಳು ಅದರಲ್ಲಿ ಸಿಕ್ಕಿಕೊಳ್ಳುವುದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಉಲ್ಟಾ ಬರೆದೆ. ನಿನ್ನ ಕೈಗುಣ ಸರಿಯಾಗೇ ಇದೆ ಅಪ್ಪಾ.

ಕಾರಣವನ್ನೂ ಬರೆಯುತ್ತೇನೆ. ಜನವರಿಯಲ್ಲೇ ನನ್ನನ್ನು ತಂಡದಿಂದ ತೆಗೆದರು. ನನಗಿಂತ ಚಿಕ್ಕ ಹುಡುಗಿಯರು ಇಬ್ಬರು ಬಂದಿದ್ದಾರೆ, ನಾನು ಎಷ್ಟು ತಿಣುಕಿದರೂ ಅವರ ಕಾಲು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಕೋಚ್ ಬೈಯಲಿಲ್ಲ. ಕೂರಿಸಿಕೊಂಡು, "ನಿನಗೆ ಕಲಿಸೋ ಕೈ ಇದೆ ಮಾರಾಯ್ತಿ, ಮಕ್ಕಳ ಬ್ಯಾಚ್ ನೋಡ್ಕೋ" ಎಂದರು. ಅವತ್ತಿನಿಂದ ಬೆಳಿಗ್ಗೆ ಪುಟ್ಟ ಹುಡುಗಿಯರಿಗೆ ಕಾಲು ಬಡಿಯುವುದನ್ನು ಹೇಳಿಕೊಡುತ್ತೇನೆ. ಉಳಿದ ಹೊತ್ತು ಗಡಿಯಾರ ಹಿಡಿಯುತ್ತೇನೆ, ಟವೆಲ್ ಮಡಚುತ್ತೇನೆ. ರಿಲೇ ಎಂದು ಬರೆದದ್ದು ಸುಳ್ಳು. ಸೋತಿದ್ದರೆ ಹೇಳಬಹುದಿತ್ತು. ಸೋಲಲೂ ಇಲ್ಲ ಅಪ್ಪಾ, ನೀರಿಗೆ ಇಳಿಸಲೇ ಇಲ್ಲ.

ನಿನ್ನ ಮೊದಲ ಕಾಗದ ಬಂದಾಗ ಅಷ್ಟು ಜನರ ಮುಂದೆ ಧುಮುಕುವುದನ್ನು ನೆನೆಸಿಕೊಂಡೆ. ಆ ತುದಿ ಮುಟ್ಟುತ್ತಿದ್ದೆ, ಅವರೆಲ್ಲ ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಆಮೇಲೆ ಯಾರಾದರೂ "ಈ ವರ್ಷ ಏನು ಗೆದ್ದೆ" ಎನ್ನುತ್ತಿದ್ದರು. ನೀರು ತಿಳಿಯಾಗದಿದ್ದರೆ ಅದೊಂದೂ ಇರುವುದಿಲ್ಲ ಎಂದು ಹೊಳೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅನ್ನುವುದಕ್ಕೆ ಹೋಗಲಿಲ್ಲ, ನಿನ್ನ ಕೈಯಿಂದಲೇ ನೆಲ ಡೊಂಕು ಮಾಡಿಸಿದೆ. ನೀನು ಮುಳುಗಿದ ಕಾಗದ ಓದಿದ ಮೇಲೂ ಹೇಳಿದ ಹಾಗೇ ಮಾಡುತ್ತಿರು ಎಂದು ಬರೆದೆನಲ್ಲ, ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಕೊಳದ ಸಾಮಾನು ಮಾರುವ ಅಂಗಡಿಯಲ್ಲಿ ನೀರಿನ ಕ್ಷಾರ ಇಳಿಸುವ ದ್ರಾವಣ ಕೊಡುತ್ತಾರೆ, ಧೂಳನ್ನು ತಳಕ್ಕೆ ಕೂರಿಸುವ ಔಷಧವನ್ನೂ ಕೊಡುತ್ತಾರೆ. ಅವರು ಹೇಳಿದ ಅಳತೆಯಲ್ಲಿ ಹಾಕಿ ಮೋಟಾರು ನಿಲ್ಲಿಸು. ಎಲ್ಲ ಕೆಳಗೆ ಕೂತ ಮೇಲೆ ಪೈಪಿನಿಂದ ತಳವನ್ನು ಎಳೆದು ಆಚೆಗೆ ಬಿಡು. ಆಮೇಲೆ ಮೋಟಾರು ಹಾಕಿ ಡ್ರಮ್ಮಿನ ತಂಟೆಗೆ ಹೋಗಬೇಡ.

ರಜೆಗೆ ಬರುವುದಿಲ್ಲ. ಯಾವ ಮುಖ ಹೊತ್ತು ಬರಲಿ?

ನಿನ್ನ ಮಗಳು


ಮೇ 17

ಪುಟ್ಟೀ,

ನೀನು ಬರೆದದ್ದರಲ್ಲಿ ನನಗೆ ಗೊತ್ತಿಲ್ಲದ್ದು ಕೋಚ್ ಆಡಿದ ಮಾತು ಮಾತ್ರ.

ಸ್ಪರ್ಧೆಗೆ ಎರಡು ದಿನ ಮೊದಲು ಪುಡಿ ಮುಗಿದು ಅಂಗಡಿಗೆ ಹೋಗಿದ್ದೆ. ಕೊಳದ ಸಾಮಾನಿನ ಅಂಗಡಿ ಹೊಸದಾಗಿ ಆಗಿದೆ, ಗಂಡಸಿನ ಹಾಗೆ ಗದರಿಸಿ ವ್ಯಾಪಾರ ಮಾಡುವ ಹೆಂಗಸು. ನಾನು ಏನೇನು ಮಾಡುತ್ತಿದ್ದೇನೆಂದು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾರ್, ನೀವು ನೀರು ಕ್ಲೀನ್ ಮಾಡ್ತಿಲ್ಲ, ನೀರಿಗೆ ಸುಣ್ಣ ಬಳೀತಿದೀರ. ಯಾರ್ ಹೇಳ್ಕೊಟ್ರು?" ಎಂದಳು. ಈಜುವ ಮಗಳು ಎನ್ನಲು ಬಾಯಿ ಬರಲಿಲ್ಲ, ನಾನೇ ಯೋಚನೆ ಮಾಡಿದ್ದು ಎಂದೆ. ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುವವರನ್ನು ದಿನಾ ನೋಡುವವನು ನಾನು. ಗೊತ್ತಿಲ್ಲದೆ ತಿರುಗುವವರು ಒಂದು ಸಲ ತಿರುಗುತ್ತಾರೆ, ಪ್ರತಿ ಸಲ ತಿರುಗುವುದಿಲ್ಲ. ನೀನು ಹೇಳಿದ್ದು ಪ್ರತಿಯೊಂದೂ ಉಲ್ಟಾ, ನಿನಗೆ ಏನೋ ಆಗಿದೆ ಎಂದು ಅಂಗಡಿಯ ಮೆಟ್ಟಿಲ ಮೇಲೇ ತಿಳಿಯಿತು.

ನೀನು ಬರಬೇಡ ಎಂದಿದ್ದೆ. ನಾನು ಬಂದೆ. ಸ್ಪರ್ಧೆಯ ದಿನ ನಿಮ್ಮ ಗೇಟಿನ ಹೊರಗೆ ನಿಂತಿದ್ದೆ. ಜಾಲರಿಯಿಂದ ಕೊಳ ಚೆನ್ನಾಗಿ ಕಾಣುತ್ತದೆ. ಹೊರಗಿನವರನ್ನು ಬಿಡುವುದಿಲ್ಲ ಎಂದಿದ್ದೆ, ಒಳಗೆ ತುಂಬ ಅಪ್ಪ ಅಮ್ಮಂದಿರೇ ಇದ್ದರು. ನಿನ್ನನ್ನು ಸಾಲಾಗಿ ನಿಂತ ಹುಡುಗಿಯರಲ್ಲಿ ಹುಡುಕಿದೆ. ನೀನು ಈಚೆ ದಡದಲ್ಲಿ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ತೋಳಿನ ಮೇಲೆ ಟವೆಲ್ ಹೊರೆ ಹೊತ್ತು ನಿಂತಿದ್ದೆ. ಎಲ್ಲರ ಕೂದಲೂ ಒದ್ದೆಯಾಗಿತ್ತು. ನಿನ್ನದು ಒಣಗಿತ್ತು. ಒಬ್ಬಳು ನೀರಿನಿಂದ ಎದ್ದು ಬಂದಳು, ನೀನು ಅವಳಿಗೆ ಟವೆಲ್ ಸುತ್ತಿ ಬೆನ್ನು ತಟ್ಟಿದೆ.

ಕಾವಲುಗಾರ ಬಂದು, "ಯಾರನ್ ನೋಡ್ಬೇಕಿತ್ತು ಯಜಮಾನ್ರೇ?" ಎಂದ. ನಾನು ಏನು ಹೇಳಿದೆ ಗೊತ್ತೇ? "ಯಾರನ್ನೂ ಇಲ್ಲ" ಎಂದೆ. ಹೆತ್ತ ಮಗಳು ಹತ್ತು ಮಾರು ದೂರದಲ್ಲಿ ನಿಂತಿರುವಾಗ ಯಾರನ್ನೂ ಇಲ್ಲ ಎಂದು ಹೇಳಿ, ದಾರಿ ತಪ್ಪಿ ಬಂದವನ ಹಾಗೆ ಬಸ್ ನಿಲ್ದಾಣದ ಕಡೆ ನಡೆದೆ. ನಿನ್ನ ಮನಸ್ಸಿಗೆ ನೋವಾಗದಿರಲಿ ಎಂದು ತಿರುಗಿ ಬಂದೆ ಅನ್ನಬಹುದಿತ್ತು. ಬಸ್ಸಿನಲ್ಲಿ ನನಗೆ ನಾನು ಅದನ್ನೇ ಹೇಳಿಕೊಂಡೆ. ನಿಜ ಅದಲ್ಲ. ಡಾಕ್ಟರಿಗೆ ಏನು ಹೇಳಲಿ, ನಿನ್ನ ಚಿಕ್ಕಪ್ಪನಿಗೆ ಏನು ಹೇಳಲಿ ಎನ್ನುವುದೇ ನನ್ನ ತಲೆಯಲ್ಲಿ ಮೊದಲು ಬಂದದ್ದು. ನೀನು ಊಟ ಮಾಡುತ್ತೀಯೋ ಇಲ್ಲವೋ, ಅಳುತ್ತೀಯೋ ಏನೋ ಎನ್ನುವುದು ಆಮೇಲೆ ಬಂತು. ನಾಚಿಕೆಯಾಗಬೇಕಾದದ್ದು ನಿನಗಲ್ಲ.

ಆಮೇಲೆ ಪುಡಿ ಹಾಕುವುದನ್ನು ಬಿಟ್ಟೆ. ಡ್ರಮ್ಮು ತೊಳೆಯುವುದನ್ನು ಬಿಡಲಿಲ್ಲ. ನೀರು ತಿಳಿಯಾದರೆ ನೀನು ಬರುವುದೇ ಇಲ್ಲವೇನೋ ಎಂದು ಹೆದರಿ ದಿನಾ ಬೆಳಿಗ್ಗೆ ಕದಡಿಯೇ ಇಟ್ಟೆ. ಜನ ನನ್ನನ್ನು ದಡ್ಡ ಎಂದುಕೊಳ್ಳಲಿ, ನನಗೆ ಅಷ್ಟು ಶಿಕ್ಷೆ ಬೇಕಿತ್ತು.

ನಿನ್ನ ಕಾಗದ ಬಂದ ದಿನ ಅಂಗಡಿಯಾಕೆಯಿಂದ ಔಷಧ ತಂದೆ. ಧೂಳು ತಳಕ್ಕೆ ಕೂತಿತು, ಪೈಪಿನಿಂದ ಎಳೆದು ಆಚೆ ಬಿಟ್ಟೆ, ಈಗ ಡ್ರಮ್ಮನ್ನು ಮುಟ್ಟುತ್ತಿಲ್ಲ. ಟೈಲ್ಸ್ ನೀಲಿಯಲ್ಲ, ಹಸಿರು. ಫರ್ನಿಚರ್ ಅಂಗಡಿಯವರಿಗೂ ತಮ್ಮ ಕೊಳದ ಬಣ್ಣ ಮರೆತುಹೋಗಿತ್ತು. ಡಾಕ್ಟರು ಮಹಡಿಯಿಂದ, "ಅಂತೂ ಗೆದ್ರಿ ಬಿಡಿ. ಮಗಳು ಯಾವಾಗ ಈಜೋದು?" ಎಂದರು. ಅವಳನ್ನು ತಂಡದಿಂದ ತೆಗೆದಿದ್ದಾರೆ, ಈಗ ಮಕ್ಕಳಿಗೆ ಕಲಿಸುತ್ತಾಳೆ ಎಂದೆ. ಹೇಳಿ ಶೆಡ್ಡಿನೊಳಗೆ ಹೋಗದೆ ಅಲ್ಲೇ ನಿಂತೆ. ಅವರು "ಓ, ಹೌದಾ" ಎಂದು ಕಾಫಿ ಮುಗಿಸಿ ಒಳಗೆ ಹೋದರು. ಇಷ್ಟಕ್ಕೆ ನಾನು ನಿನ್ನನ್ನು ಗೇಟಿನಾಚೆ ಬಿಟ್ಟು ಬಂದೆ ನೋಡು.

ಮನೆಗೆ ಬಾ. ಈಜುವುದು ಬೇಡ, ನೀರಿನ ಕಡೆ ನೋಡುವುದೂ ಬೇಡ.

ಕ್ಷಮಿಸು ಎನ್ನಲೂ ಧೈರ್ಯವಿಲ್ಲದ,
ಅಪ್ಪ


ಮೇ 24

ಅಪ್ಪಾ,

ನಿನ್ನ ಕಾಗದವನ್ನು ಟವೆಲ್ ಕೋಣೆಯಲ್ಲಿ ಕೂತು ಓದಿದೆ. ಅಲ್ಲಿ ಯಾರೂ ಬರುವುದಿಲ್ಲ.

ನಾನು ಇನ್ನೂ ಒಂದು ಮಾತು ಮುಚ್ಚಿಟ್ಟಿದ್ದೇನೆ. ಅವತ್ತು ನಾನು ನಿನ್ನನ್ನು ನೋಡಿದೆ. ನೀನು ಗೇಟಿನ ಜಾಲರಿಗೆ ಹಣೆ ಒತ್ತಿ ನಿಂತಿದ್ದೆ, ಕೈಗೆ ಬಟ್ಟೆ ಸುತ್ತಿಕೊಂಡಿದ್ದೆ. ನೀನು ಸಾಲಿನಲ್ಲಿ ಹುಡುಕುತ್ತಿದ್ದದ್ದೂ ಗೊತ್ತಾಯಿತು. ನಾನು ಓಡಿ ಬರಬಹುದಿತ್ತು. ಟವೆಲ್ ಹೊರೆಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದೆ. ನೀನು ಕಾವಲುಗಾರನ ಹತ್ತಿರ ಏನೋ ಹೇಳಿ ತಿರುಗಿದಾಗ ಸದ್ಯ, ಹೋದ ಎಂದುಕೊಂಡೆ. ಅಷ್ಟು ಸಮಾಧಾನವಾಯಿತು ನನಗೆ. ಆಮೇಲೆ ಯಾರ ಗೆಲುವಿಗೋ ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನೂ ತಟ್ಟಿದೆ. ನಿನ್ನ ಕೈಯ ಬಟ್ಟೆ ಯಾತಕ್ಕೆಂದು ಅಮ್ಮ ಬರೆಯುವವರೆಗೂ ಯೋಚಿಸಲೇ ಇಲ್ಲ. ನೀನು ನಿನ್ನ ನಾಚಿಕೆಯನ್ನು ಅಷ್ಟು ನೇರವಾಗಿ ಬರೆದ ಮೇಲೆ ಇದನ್ನು ಮುಚ್ಚಿಟ್ಟುಕೊಂಡು ಮನೆಗೆ ಬರಲಾರೆ.

ಜೂನ್ ಮೊದಲ ಶನಿವಾರ ಇಲ್ಲಿಂದ ಹೊರಡಬೇಕು. ನನ್ನ ಸಾಮಾನು ಜಾಸ್ತಿ ಇದೆ, ಕಾರು ತೆಗೆದುಕೊಂಡು ನೀನೇ ಬಾ. ಅವತ್ತು ಬೆಳಿಗ್ಗೆ ನನ್ನ ಮಕ್ಕಳ ಬ್ಯಾಚಿನ ಕೊನೆಯ ತರಗತಿ. ಒಂದು ಹುಡುಗಿ ಇನ್ನೂ ನನ್ನ ಕುತ್ತಿಗೆ ಬಿಡುವುದಿಲ್ಲ, ಉಳಿದವರು ತೇಲುತ್ತಾರೆ. ಮುಗಿದ ಮೇಲೆ ಬರಬೇಡ, ನಡೆಯುವಾಗಲೇ ಬಾ. ಅಪ್ಪ ಅಮ್ಮಂದಿರು ಕೂರುವ ಬೆಂಚು ದಡದಲ್ಲೇ ಇದೆ, ಮುಂದಿನ ಸಾಲಿನಲ್ಲಿ ಕೂರು.

ಗೇಟಿನಲ್ಲಿ ಕಾವಲುಗಾರ ಯಾರನ್ನು ನೋಡಬೇಕು ಎಂದು ಕೇಳುತ್ತಾನೆ. ಈ ಸಲ ಹೇಳು.

ಪುಟ್ಟಿ